ಶನಿವಾರದ ಡಾಕ್ಟರು

ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಬಸವ ಬಿದ್ದ.

ರಗ್ಬಿ ಲೀಗ್ ಎಂಬ ಆ ಆಟದಲ್ಲಿ ಬೀಳುವುದು ದೊಡ್ಡ ಸಂಗತಿಯಲ್ಲ. ಚೆಂಡು ಹಿಡಿದು ಓಡುವವನನ್ನು ಎದುರಿನವರು ತಬ್ಬಿ ಕೆಡವುತ್ತಾರೆ. ಬಿದ್ದವನು ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಹೊರಳಿಸಿದರೆ ಆಟ ಮುಂದುವರಿಯುತ್ತದೆ. ಅವನು ಏಳುವವರೆಗೆ ಎಲ್ಲರೂ ಕಾಯಬೇಕು. ಆವತ್ತು ಅಮೆರಿಕದ ಜಾರ್ಜಿಯಾ ರಾಜ್ಯದ ಲಾರೆನ್ಸ್‌ವಿಲ್‌ನ ಪಾರ್ಕಿನಲ್ಲಿ ಎರಡೂ ತಂಡದವರು ಕಾದರು, ರೆಫರಿ ಕಾದ, ಗೆರೆಯಾಚೆ ನಾವು ಕಾದೆವು. ಬಸವ ಏಳಲಿಲ್ಲ.

ನನ್ನ ಪಕ್ಕದ ಮಡಿಸುವ ಕುರ್ಚಿಯಲ್ಲಿ ಕೂತು ಕಡಕ್ ರೊಟ್ಟಿ ಮುರಿಯುತ್ತಿದ್ದ ಡಾಕ್ಟರು ರೊಟ್ಟಿಯನ್ನು ಹುಲ್ಲಿನ ಮೇಲೆ ಬಿಟ್ಟು ಓಡಿದರು. ಅರವತ್ತರ ಹತ್ತಿರದ, ಭಾರಿ ಮೈಯ, ಮಂಡಿ ನೋವಿನ ಮನುಷ್ಯ ಹಾಗೆ ಓಡುತ್ತಾರೆಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ಅವರ ಟೈ ಹೆಗಲ ಮೇಲೆ ಹಾರುತ್ತಿತ್ತು. ಹಿಂದೆ ನಾನು ಓಡಿದೆ. ಬಸವನ ಕಣ್ಣು ತೆರೆದಿತ್ತು. ‘ನನ್ನ ಕೈ ಎಲ್ಲಿದೆ?’ ಎಂದು ಕೇಳುತ್ತಿದ್ದ.

ಆ ಮಾತು ಈಗಲೂ ನನಗೆ ತರಕಾರಿ ಹೆಚ್ಚುವಾಗ, ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದಾಗ, ಕ್ಲಿನಿಕ್ಕಿನ ಲಿಫ್ಟಿನಲ್ಲಿ ಕೇಳಿಸುತ್ತದೆ. ನನ್ನ ಜೊತೆ ಅದನ್ನು ಕೇಳಿಸಿಕೊಂಡಿದ್ದ ಡಾಕ್ಟರು ಹೋದ ತಿಂಗಳು ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಮಗಳು ಫೋನ್ ಮಾಡಿದ್ದಳು. ಇಲ್ಲೇ ಹುಟ್ಟಿದ ಹುಡುಗಿ, ಅವಳ ಕನ್ನಡ ತುಂಡು ತುಂಡಾಗಿ ಬರುತ್ತದೆ. ‘ಅಕ್ಕಾ, ಅಪ್ಪ ಹೋದ್ರು. ನಿಮಗೆ ಫಸ್ಟ್ ಕಾಲ್ ಮಾಡು ಅಂತ ಅಮ್ಮ ಹೇಳಿದ್ರು’ ಎಂದಳು. ನಾನು ಅವರ ಸಂಬಂಧಿಕಳಲ್ಲ. ಅವರು ಗದಗಿನ ಕಡೆಯವರು, ನಾನು ಮೈಸೂರಿನವಳು. ಆದರೂ ಮೊದಲ ಫೋನು ನನಗೇ ಬಂತು.

ನನಗೆ ಅವರು ಸಿಕ್ಕಿದ್ದು ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ ಒಂದು ಯುಗಾದಿ ಊಟಕ್ಕೆ. ನಾನು ಫಿಸಿಯೋಥೆರಪಿ ಓದಿ, ವೀಸಾದ ಮೇಲೆ ಅಲ್ಲಿನ ಕ್ಲಿನಿಕ್ ಒಂದಕ್ಕೆ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಅವರು ಅಲ್ಲೇ ಒಂದು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ತಟ್ಟೆಯ ತುಂಬ ಚಿತ್ರಾನ್ನ ಹಾಕಿಕೊಂಡು ನನ್ನ ಎದುರು ಕೂತು, ಹೆಸರು ಕೇಳುವ ಮೊದಲೇ, ‘ಶನಿವಾರ ಏನು ಮಾಡ್ತಿ?’ ಎಂದರು.

‘ಲಾಂಡ್ರಿ ಮಾಡ್ತೀನಿ ಸರ್.’

‘ಲಾಂಡ್ರಿ ಐತವಾರ ಮಾಡು. ಶನಿವಾರ ಮೈದಾನಕ್ಕ ಬಾ. ಅಲ್ಲಿ ಇಪ್ಪತ್ತು ಮಂದಿ ಗಟ್ಟಿ ಹುಡುಗ್ರದಾರ, ವಾರಕ್ಕ ಒಬ್ಬಾವ ಏನರ ಮುರಕೋತಾನ. ನಂಗ ಒಂದು ಜೋಡಿ ಕೈ ಬೇಕಾಗ್ಯಾವ.’

ಹೋದೆ. ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಆದ ಮರುವರ್ಷ ಅದು. ವಾಷಿಂಗ್ಟನ್‌ನಿಂದ ಜಾರ್ಜಿಯಾದವರೆಗೆ ನಾಲ್ಕೈದು ಕ್ಲಬ್ಬುಗಳು ಸೇರಿ ಬೇಸಿಗೆಯಲ್ಲಿ ಈ ಆಟ ಆಡುತ್ತಿದ್ದವು; ಅದರಲ್ಲಿ ಶಾರ್ಲೆಟ್‌ನ ಕ್ಲಬ್ಬಿನ ಹುಡುಗರನ್ನು ಡಾಕ್ಟರು ನೋಡಿಕೊಳ್ಳುತ್ತಿದ್ದರು. ನೋಡಲು ಬರುತ್ತಿದ್ದವರು ಆಟಗಾರರ ಹೆಂಡಂದಿರು, ನಾಯಿಗಳು ಮತ್ತು ನಾವಿಬ್ಬರು. ನನಗೆ ಆಟ ತಿಳಿಯಲಿಲ್ಲವೆಂದಾಗ ಡಾಕ್ಟರು ಹೇಳಿದರು: ‘ನಮ್ಮ ಹುತುತುಕ್ಕ ಒಂದು ಚೆಂಡು ಕೊಟ್ಟಾರ, ಅಷ್ಟ. ಉಸಿರಿನ ಬದ್ಲಿ ಆರು ಸಲ ಬೀಳೂದು ಲೆಕ್ಕ. ಆರು ಸಲ ಬಿದ್ದಿ ಅಂದ್ರ ಚೆಂಡು ಅತ್ಲಾಗ.’

ಹುತುತು ಎಂದರೆ ಕಬಡ್ಡಿ. ಕಾಲೇಜಿನ ದಿನಗಳಲ್ಲಿ ಅವರು ಒಳ್ಳೆಯ ಆಟಗಾರರಂತೆ. ಸಿಲೋನಿಗೆ ಹೋಗುವ ತಂಡಕ್ಕೆ ಅವರ ಹೆಸರು ಬಂದಾಗ ಊರಿನ ಸಂಘದವರು ಬಿಡಲಿಲ್ಲ. ಗಣಪತಿ ಹಬ್ಬದ ಪಂದ್ಯ ಎದುರಿಗಿತ್ತು. ‘ನಮ್ಮ ಸ್ವಾದರಮಾವ, ನಮ್ಮವ್ವನ ತಮ್ಮ, ತಾನ ಸಂಘದ ಮುಂದ ನಿಂತು, ನಮ್ಮ ಹುಡುಗ ಎಲ್ಲೂ ಹೋಗೂದಿಲ್ಲ ಅಂತ ಮಾತು ಕೊಟ್ಟು ಬಂದಿದ್ದ. ಪಂದ್ಯ ಗೆದ್ವಿ. ಒಂದು ಹಿತ್ತಾಳಿ ಲೋಟ ಕೊಟ್ರು. ಸಿಲೋನ್ ಇನ್ನೂ ನೋಡಿಲ್ಲ ನಾ’ ಎಂದು ನಕ್ಕಿದ್ದರು. ಆ ಕತೆಯನ್ನು ನಾನು ಐದಾರು ಸಲ ಕೇಳಿದ್ದೇನೆ. ಪ್ರತಿ ಸಲವೂ ನಗುತ್ತಲೇ ಹೇಳುತ್ತಿದ್ದರು, ಮತ್ತು ಪ್ರತಿ ಸಲವೂ ಕೊನೆಗೆ ಮಂಡಿ ನೀವಿಕೊಳ್ಳುತ್ತಿದ್ದರು.

ಆಟಗಾರರ ಹೆಸರುಗಳು ಅವರ ನಾಲಗೆಗೆ ಹೊರಳುತ್ತಿದ್ದವು, ಆದರೂ ಅವುಗಳಿಂದ ಕರೆಯುತ್ತಿರಲಿಲ್ಲ. ಎಲ್ಲರಿಗೂ ತಾವೇ ಒಂದೊಂದು ಹೆಸರಿಟ್ಟಿದ್ದರು. ಬಸವ ಎಂದರೆ ಗ್ಯಾಸ್ಟೋನಿಯಾದ ನೂಲಿನ ಗಿರಣಿಯಲ್ಲಿ ಕೆಲಸ ಮಾಡುವ, ಕೆಂಚು ಕೂದಲಿನ, ಇಪ್ಪತ್ತಾರರ ಅಮೆರಿಕನ್. ‘ಆ ಹೆಗಲು ನೋಡವಾ. ನೇಗಿಲಾ ಹೂಡಿದ್ರ ಇಡೀ ಗದಗ ತಾಲ್ಲೂಕು ಉತ್ತು ಬರ್ತಾನ.’ ಮನೆಗಳಿಗೆ ಚಾವಣಿ ಹೊದಿಸುವ ಕಂಟ್ರಾಕ್ಟರ್ ಒಬ್ಬ ಕ್ಲಬ್ಬಿನ ಅಧ್ಯಕ್ಷನಾಗಿದ್ದ. ಅವನು ‘ಗೌಡ್ರು’. ಯಾಕೆ ಎಂದು ಕೇಳಿದರೆ, ‘ಮೀಸಿ ಒಂದು ಇಲ್ಲ. ಉಳದದ್ದು ಏನು ಕಮ್ಮಿ ಐತಿ?’ ಎನ್ನುತ್ತಿದ್ದರು. ಗೌಡರು ತಮ್ಮನ್ನು ಹಾಗೆ ಕರೆದರೆ ಖುಷಿಪಡುತ್ತಿದ್ದರು. ಅದು ಭಾರತದ ಯಾವುದೋ ದೊಡ್ಡ ಹುದ್ದೆ ಎಂದು ಅವರಿಗೆ ಯಾರೋ ಹೇಳಿದ್ದರು. ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಆಟಗಾರರು ಡಾಕ್ಟರ ಹತ್ತಿರ ಸುಳ್ಳು ಹೇಳುತ್ತಾರೆ. ತಲೆಗೆ ಏಟು ಬಿದ್ದು ಕಣ್ಣು ಮಂಜಾಗಿದ್ದರೂ ‘ಐ ಯಾಮ್ ಗುಡ್, ಡಾಕ್’ ಎಂದು ಎದ್ದು ನಿಲ್ಲುತ್ತಾರೆ. ಕೂರಿಸಿ ಪರೀಕ್ಷೆ ಮಾಡಿದರೆ, ಯಾವುದಕ್ಕೆ ಏನು ಉತ್ತರ ಕೊಡಬೇಕೆಂದು ಅವರಿಗೆ ಬಾಯಿಪಾಠವಾಗಿರುತ್ತದೆ. ಅದಕ್ಕೆ ಡಾಕ್ಟರು ಒಂದು ಉಪಾಯ ಹುಡುಕಿದ್ದರು. ಏಟು ತಿಂದು ವಾಪಸ್ ಬಂದವನನ್ನು ಎದುರು ನಿಲ್ಲಿಸಿಕೊಂಡು, ‘ನಮ್ಮ ಕಡೆ ದೊಡ್ಡವರ ಕಾಲು ಮುಟ್ಟದೆ ಕೆಲಸ ಶುರು ಮಾಡಂಗಿಲ್ಲ’ ಎನ್ನುತ್ತಿದ್ದರು. ತಮ್ಮ ಶೂ, ಕಾಲುಚೀಲ ಬಿಚ್ಚಿ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುತ್ತಿದ್ದರು. ‘ಬೂಟಿಗೆ ನಮಸ್ಕಾರ ಮಾಡಿದ್ರ ಪುಣ್ಯ ಬೂಟಿಗೆ ಹೋಗತೈತಿ.’ ಆಟಗಾರ ಮಂಡಿ ಬಗ್ಗಿಸದೆ ಬಾಗಿ ಅವರ ಕಾಲು ಮುಟ್ಟಬೇಕು. ಹಾಗೇ ಬಾಗಿದ್ದಂತೆಯೇ ತಲೆ ಎತ್ತಿ ಅವರ ಮುಖ ನೋಡಬೇಕು. ಆಮೇಲೆ ಏಳಬೇಕು. ಬೆನ್ನು, ಕುತ್ತಿಗೆ, ಕಣ್ಣು, ಮೈಯ ತೂಕ ಎಲ್ಲವನ್ನೂ ಅವರು ಆ ಒಂದು ಗಳಿಗೆಯಲ್ಲಿ ನೋಡಿಬಿಡುತ್ತಿದ್ದರು. ವಾಲಿದವನ ತಲೆ ಸವರಿ, ‘ಇವತ್ತು ದೇವರು ಬ್ಯಾಡ ಅಂತಾನ’ ಎಂದು ಬೆಂಚಿಗೆ ಕಳಿಸುತ್ತಿದ್ದರು.

‘ಅವರಿಗೆ ಇದು ಟೆಸ್ಟು ಅಂತ ಹೇಳೋದಲ್ವಾ ಸರ್?’ ಎಂದು ನಾನು ಕೇಳಿದ್ದೆ.

‘ಹುಚ್ಚಿ. ಟೆಸ್ಟ್ ಅಂದ್ರ ಮೋಸ ಮಾಡ್ತಾರ. ಆಶೀರ್ವಾದಕ್ಕ ಯಾವ ಮಗನೂ ಮೋಸ ಮಾಡಾಂಗಿಲ್ಲ.’

ಆ ಬೇಸಿಗೆಯ ಶನಿವಾರಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಅವರ ಹಳೆಯ ಬ್ಯೂಕ್ ಕಾರು ಹೈವೇಯ ಬಲಗಡೆಯ ಲೇನನ್ನು ಬಿಟ್ಟು ಕದಲುತ್ತಿರಲಿಲ್ಲ. ಹುಡುಗರು ಪಿಕಪ್ ಟ್ರಕ್ಕುಗಳಲ್ಲಿ ಹಾರ್ನ್ ಹೊಡೆಯುತ್ತ ದಾಟಿ ಹೋಗುತ್ತಿದ್ದರು. ಹಿಂದಿನ ಸೀಟಿನಲ್ಲಿ ಐಸ್ ಪೆಟ್ಟಿಗೆ, ಬ್ಯಾಂಡೇಜು, ಡಾಕ್ಟರ ಹೆಂಡತಿ, ನಮ್ಮ ಆಂಟಿ, ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ವಾಷಿಂಗ್ಟನ್‌ನವರ ಜೊತೆ ಆಟವಿದ್ದಾಗ ಅಲ್ಲಿಗೆ ಹತ್ತಿರದ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೋಗದೆ ಅವರು ಮರಳುತ್ತಿರಲಿಲ್ಲ. ಒಂದು ಸಲ ಮೊಣಕೈ ತರಚಿದ, ಮಣ್ಣು ಮೆತ್ತಿದ ಆರು ಆಟಗಾರರನ್ನು ಅಲ್ಲಿನ ಊಟದ ಹಾಲಿನಲ್ಲಿ ಸಾಲಾಗಿ ಕೂರಿಸಿ ಪುಳಿಯೋಗರೆ ತಿನ್ನಿಸಿದ್ದರು. ರೇಷ್ಮೆ ಸೀರೆಯ ಹೆಂಗಸೊಬ್ಬರು ‘ಯಾರು ಅಂಕಲ್ ಇವ್ರೆಲ್ಲ?’ ಎಂದಾಗ, ‘ನಮ್ಮ ಮನಿ ಹುಡುಗ್ರು ತಾಯಿ. ಬಿಸಲಿಗೆ ಕೆಂಪಾಗ್ಯಾರ’ ಎಂದಿದ್ದರು.

ಹೀಗೆ ನಮಸ್ಕಾರ ಮಾಡಿ ಆಡಿದವರಿದ್ದ ಮೂರು ಆಟಗಳನ್ನು ತಂಡ ಒಂದರ ಮೇಲೊಂದು ಗೆದ್ದಿತು. ಅಲ್ಲಿಂದ ಅದು ಬದಲಾಯಿತು. ಏಟು ತಿಂದವನಷ್ಟೇ ಅಲ್ಲ, ಪ್ರತಿ ಆಟಕ್ಕೂ ಮುಂಚೆ ಇಡೀ ತಂಡ ಬಂದು ನಿಲ್ಲತೊಡಗಿತು. ಹದಿಮೂರು ಜನ ಒಬ್ಬರ ಹೆಗಲಿಗೆ ಒಬ್ಬರು ತೋಳು ಹಾಕಿ, ಒಂದೇ ಗೋಡೆಯ ಹಾಗೆ ಬಾಗುತ್ತಿದ್ದರು. ಡಾಕ್ಟರು ಬರಿಗಾಲಲ್ಲಿ ಆ ಸಾಲಿನ ಉದ್ದಕ್ಕೂ ನಡೆದು ಒಂದೊಂದು ತಲೆ ಮುಟ್ಟಿ ‘ಚೊಲೋ ಆಗ್ಲಿ, ಚೊಲೋ ಆಗ್ಲಿ’ ಎನ್ನುತ್ತಿದ್ದರು. ಜಾರ್ಜಿಯಾದಲ್ಲಿ ಕೆಂಪಿರುವೆ ಕಚ್ಚಿ ಪಾದ ಊದಿಕೊಂಡರೂ ಶೂ ಹಾಕಲಿಲ್ಲ.

‘ಹೀಗೆ ಹಿಡ್ಕೊಂಡು ಬಾಗಿದ್ರೆ ಯಾರ ಕುತ್ತಿಗೆ ಹೇಗಿದೆ ಅಂತ ಹೇಗೆ ಕಾಣುತ್ತೆ ಸರ್?’ ಎಂದು ಒಮ್ಮೆ ಕೇಳಿದೆ.

‘ಬಿಡವಾ. ಮದುವಿ ಮನ್ಯಾಗ ಯಾರರ ನಾಡಿ ಹಿಡದು ನೋಡ್ತಾರೇನು?’

ಅವರ ಮುಖದಲ್ಲಿ ಆಗ ಇದ್ದ ತೃಪ್ತಿಯನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಮೂವತ್ತು ವರ್ಷ ಈ ದೇಶದಲ್ಲಿದ್ದು, ‘ಹಾಯ್ ಡ್ಯಾಡ್’ ಎಂಬ ಮಾತಿಗೆ ಒಗ್ಗಿಕೊಂಡಿದ್ದ ಮನುಷ್ಯ. ಅವರ ಮುಂದೆ ಬೆಟ್ಟದಂಥ ಹದಿಮೂರು ಗಂಡಸರು ಹುಲ್ಲಿನ ಮಟ್ಟಕ್ಕೆ ಬಾಗುತ್ತಿದ್ದರು.

ಜುಲೈನಲ್ಲಿ ಬಸವನಿಗೆ ದೇಶದ ತಂಡದಿಂದ ಕರೆ ಬಂತು. ಇಂಗ್ಲೆಂಡಿನಲ್ಲಿ ಒಂದು ಆಟ, ಬುಧವಾರ. ಅದೇ ವಾರದ ಶನಿವಾರ ಲಾರೆನ್ಸ್‌ವಿಲ್‌ನಲ್ಲಿ ಅಟ್ಲಾಂಟಾದವರ ಎದುರು ನಮ್ಮ ಆಟ. ಸೀಸನ್ ನಡುವೆ ಹೊರಗೆ ಹೋದವನಿಗೆ ಉಳಿದ ಆಟಗಳಲ್ಲಿ ಜಾಗವಿಲ್ಲ ಎಂದು ಗೌಡರು ವರ್ಷದ ಆರಂಭದಲ್ಲೇ ಹೇಳಿಬಿಟ್ಟಿದ್ದರು. ಅವರನ್ನು ಒಪ್ಪಿಸಲು ಡಾಕ್ಟರು ಹೈವೇ ಪಕ್ಕದ ಹೋಟೆಲಿಗೆ ಎಲ್ಲರನ್ನೂ ಕರೆದರು. ಮೇಜಿನ ಒಂದು ಕಡೆ ಗೌಡರು, ಇನ್ನೊಂದು ಕಡೆ ಡಾಕ್ಟರು ಮತ್ತು ನಾನು, ನಡುವೆ ತಟ್ಟೆ ಮುಟ್ಟದೆ ಕೂತ ಬಸವ. ಮಾತು ನಡೆದದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ಮಾತ್ರ ಕನ್ನಡದಲ್ಲಿ.

‘ನನ್ನ ಜಾಗದಲ್ಲಿ ಕೂತು ನೋಡಿ ಡಾಕ್’ ಎಂದರು ಗೌಡರು. ‘ಅಟ್ಲಾಂಟಾದವರ ಹತ್ರ ಸೋತ್ರೆ ನಮ್ಮ ವರ್ಷ ಮುಗೀತು. ಹೋದ ವರ್ಷ ಹಿಂಗೇ ಸೋತು ಅರ್ಧ ಟೀಮ್ ಬಿಟ್ಟೋಯ್ತು. ಈ ಸಲ ಬಿಟ್ರೆ ಕ್ಲಬ್ಬೇ ಇರಲ್ಲ. ಆ ದೇಶದ ಟೀಮಿನವರಿಗೇನು? ಒಂದು ಫೋನ್ ಮಾಡ್ತಾರೆ, ಇರೋ ಒಬ್ಬ ಒಳ್ಳೇ ಆಟಗಾರನ್ನ ಎತ್ಕೊಂಡು ಹೋಗ್ತಾರೆ. ಅವನು ಮುರ್ಕೊಂಡು ಬಂದ್ರೆ ನೋಡ್ಕೊಳ್ಳೋರು ನಾವು.’

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಡಾಕ್ಟರು ಕಾಫಿ ಕಪ್ಪನ್ನು ಬದಿಗೆ ಸರಿಸಿದರು.

‘ಗೌಡ್ರ, ಈ ಹುಡುಗ ಇನ್ನೂ ಸಮುದ್ರ ದಾಟಿಲ್ಲ. ಒಂದು ಸಲ ದೇಶದ ಅಂಗಿ ಹಾಕ್ಕೊಳ್ಲಿ ಬಿಡ್ರಿ. ಇಂಥಾದ್ದು ಎರಡನೇ ಸಲ ಬರೂದಿಲ್ಲ. ನಂಗ ಗೊತ್ತೈತಿ.’

‘ಮತ್ತೆ ಶನಿವಾರ?’

‘ಶುಕ್ರವಾರ ಏರ್‌ಪೋರ್ಟಿಂದ ನಾನ ಕರ್ಕೊಂಡ ಬರ್ತೀನಿ. ಶನಿವಾರ ನಿಮ್ಮ ಅಂಗಿ ಹಾಕ್ಕೊಂಡು ಆಡ್ತಾನ. ಇದು ನನ್ನ ಮಾತು.’

‘ಆಡದೇ ಇದ್ರೆ?’

‘ಆಡ್ತಾನ ಅಂದೆನಲ್ಲ. ನನ್ನ ಮಾತು ಯಾವಾಗರ ಸುಳ್ಳಾಗೇತೇನು?’

ಗೌಡರು ಬಹಳ ಹೊತ್ತು ಅವರನ್ನೇ ನೋಡಿ ಕೈ ಚಾಚಿದರು. ಇಬ್ಬರೂ ಕೈ ಕುಲುಕಿದರು. ಬಸವ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿ, ‘ಯೆಸ್ ಸರ್’ ಎಂದ. ಯಾರಿಗೆ ಹೇಳಿದನೋ ಗೊತ್ತಾಗಲಿಲ್ಲ.

ಇಂಗ್ಲೆಂಡಿನ ಆಟದಲ್ಲಿ ಇಬ್ಬರು ಅವನ ಮೇಲೆ ಒಟ್ಟಿಗೆ ಬಿದ್ದಿದ್ದರು. ಕುತ್ತಿಗೆಯಲ್ಲಿ ಏನೋ ಕಳಕ್ಕೆಂದಿತ್ತು, ಎಡಗೈಗೆ ಜೋಮು ಹಿಡಿದಿತ್ತು. ಅಲ್ಲಿ ಯಾರಿಗೂ ಹೇಳಲಿಲ್ಲ. ಶುಕ್ರವಾರ ಶಾರ್ಲೆಟ್‌ಗೆ ಬಂದು ಇಳಿದಾಗ ಡಾಕ್ಟರಿಗೂ ಹೇಳಲಿಲ್ಲ. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಶನಿವಾರ ಬೆಳಿಗ್ಗೆ ಅವನು ಬ್ಯೂಕಿನ ಹಿಂದಿನ ಸೀಟಿನಲ್ಲಿ, ಐಸ್ ಪೆಟ್ಟಿಗೆಯ ಪಕ್ಕ ಕೂತು ನಮ್ಮ ಜೊತೆ ಬಂದ. ಗ್ಯಾಫ್ನಿಯ ಹತ್ತಿರ ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕು ಬರುತ್ತದೆ. ಅದು ಕಂಡಾಗಲೆಲ್ಲ ಅವನು ಕಿಟಕಿಗೆ ಮುಖ ಒತ್ತಿ ಒಂದು ಪೋಲಿ ಮಾತು ಹೇಳಿ ನಗಿಸುತ್ತಿದ್ದ. ಆವತ್ತು ಡಾಕ್ಟರು ‘ನೋಡೋ, ನಿನ್ನ ಹಣ್ಣು’ ಎಂದರು. ‘ಎಷ್ಟು ಸಲ ನೋಡೋದು ಡಾಕ್’ ಎಂದ. ಅವನು ದಣಿದಿದ್ದಾನೆ ಎಂದುಕೊಂಡೆವು.

ಮೈದಾನದಲ್ಲಿ ಎಂದಿನಂತೆ ಸಾಲು ನಿಂತಿತು. ಬಸವ ತನ್ನ ಎಡ ಬಲದಲ್ಲಿದ್ದ ಇಬ್ಬರಿಗೆ, ‘ವಿಮಾನದಲ್ಲಿ ಕುತ್ತಿಗೆ ಹಿಡ್ಕೊಂಡಿದೆ, ಸ್ವಲ್ಪ ಆಸರೆ ಕೊಡಿ’ ಎಂದಿದ್ದನಂತೆ. ಅವರು ಅವನ ಕಂಕುಳಿಗೆ ಕೈ ಕೊಟ್ಟು ತಮ್ಮ ಜೊತೆ ಬಾಗಿಸಿದರು, ತಮ್ಮ ಜೊತೆ ಎತ್ತಿದರು. ಡಾಕ್ಟರು ಅವನ ತಲೆಯ ಮೇಲೆ ಉಳಿದವರಿಗಿಂತ ಹೆಚ್ಚು ಹೊತ್ತು ಕೈ ಇಟ್ಟರು. ‘ದೇಶಕ್ಕ ಆಡಿ ಬಂದ ಮಗ’ ಎಂದರು. ಅವನು ತಲೆ ಎತ್ತಿ ಅವರ ಮುಖ ನೋಡಲಿಲ್ಲ.

ಆಮೇಲೆ ಮೂರು ಗಂಟೆ ಹತ್ತು ನಿಮಿಷ.

ಡಾಕ್ಟರು ಹುಲ್ಲಿನ ಮೇಲೆ ಅಂಗಾತವಾಗಿ ಬಿದ್ದಿದ್ದ ಬಸವನ ತಲೆಯ ಹಿಂದೆ ಬೋರಲು ಮಲಗಿದರು. ಎರಡೂ ಮೊಣಕೈ ನೆಲಕ್ಕೆ ಊರಿ, ಎರಡೂ ಅಂಗೈಯಲ್ಲಿ ಅವನ ತಲೆಯನ್ನು ಹಿಡಿದರು. ‘ಅಲ್ಲಾಡಬ್ಯಾಡ. ನಾ ಹಿಡದೀನಿ. ಅಲ್ಲಾಡಬ್ಯಾಡ ನನ್ನಪ್ಪ’ ಎಂದು ಕನ್ನಡದಲ್ಲೇ ಹೇಳುತ್ತಿದ್ದರು. ನಾನು ಅವನ ಸೊಂಟ ಹಿಡಿದೆ. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಲು ಪಾರ್ಕಿನ ಆಫೀಸಿನ ಕಡೆ ಓಡಿದರು. ಅಷ್ಟರಲ್ಲಿ ಪೈನ್ ಮರಗಳ ಹಿಂದಿನಿಂದ ಗುಡುಗಿತು.

ಜಾರ್ಜಿಯಾದ ಬೇಸಿಗೆಯ ಮಧ್ಯಾಹ್ನಗಳು ಹಾಗೆಯೇ. ಬಿಸಿಲಿದ್ದಂತೆಯೇ ಆಕಾಶ ಮುಚ್ಚಿಬಿಡುತ್ತದೆ. ಬಯಲಿನಲ್ಲಿ ಸಿಡಿಲಿಗೆ ಸಿಕ್ಕಿ ಸತ್ತವರ ಸುದ್ದಿ ಪ್ರತಿ ವರ್ಷ ಕೇಳುತ್ತೇವೆ. ರೆಫರಿ ಸೀಟಿ ಊದಿ, ಎಲ್ಲರೂ ಕಾರುಗಳಿಗೆ ಹೋಗಿ ಎಂದು ಕೂಗಿದ. ಆಚೆ ಬದಿಯ ದೀಪದ ಕಂಬದ ನೆತ್ತಿಯಲ್ಲಿ ನೀಲಿ ಬೆಳಕು ಒಡೆಯಿತು. ಆ ಸದ್ದಿಗೆ ನನ್ನ ಹಲ್ಲುಗಳು ಒಂದಕ್ಕೊಂದು ಬಡಿದವು.

‘ನೀ ಹೋಗವಾ’ ಎಂದರು ಡಾಕ್ಟರು, ತಲೆ ಎತ್ತದೆ.

‘ನೀವು?’

‘ನಾ ಕೈ ಬಿಟ್ರ ಇವ ಹೋಗ್ತಾನ.’

ನನಗೆ ಏಳಬೇಕೆನ್ನಿಸಿತ್ತು. ಅವನ ಸೊಂಟದಿಂದ ಕೈ ತೆಗೆಯಲಿಲ್ಲ. ಧೈರ್ಯಕ್ಕೆ ಉಳಿದೆನೋ ಭಯಕ್ಕೆ ಉಳಿದೆನೋ ಈಗಲೂ ಹೇಳಲಾರೆ. ಮಳೆ ಶುರುವಾಯಿತು. ಮಳೆಯಲ್ಲಿ ಯಾರೋ ಬಂದು ನನ್ನ ಎದುರು ಮಂಡಿಯೂರಿ ಬಸವನ ಕಾಲುಗಳನ್ನು ಹಿಡಿದರು. ನೋಡಿದರೆ ಗೌಡರು.

ಬಸವನ ಗಂಟಲು ಗೊರಗುಟ್ಟಿತು. ವಾಂತಿ ಬರುತ್ತಿತ್ತು. ಅಂಗಾತ ಇದ್ದರೆ ಉಸಿರು ಕಟ್ಟುತ್ತದೆ, ಹೊರಳಿಸಿದರೆ ಕುತ್ತಿಗೆ. ಡಾಕ್ಟರು ತಲೆ, ನಾನು ಸೊಂಟ, ಗೌಡರು ಕಾಲು, ಮೂವರೂ ಒಂದೇ ಗಳಿಗೆಗೆ, ಒಂದೇ ಮರದ ದಿಮ್ಮಿ ಹೊರಳಿಸಿದ ಹಾಗೆ ಹೊರಳಿಸಬೇಕಿತ್ತು. ‘ಮೂರು ಅಂದಾಗ’ ಎಂದರು ಡಾಕ್ಟರು. ‘ಒಂದು. ಎರಡು. ಮೂರು.’ ಕನ್ನಡದಲ್ಲಿ ಎಣಿಸಿದ್ದು ಅವರಿಗೇ ಗೊತ್ತಿರಲಿಲ್ಲ. ಗೌಡರಿಗೆ ಹೇಗೆ ತಿಳಿಯಿತೋ, ಸರಿಯಾಗಿ ಮೂರಕ್ಕೆ ಹೊರಳಿಸಿದರು. ಸಿಡಿಲು ಇನ್ನೊಂದು ಸಲ ಬಿತ್ತು, ಹತ್ತಿರದಲ್ಲೇ. ಡಾಕ್ಟರ ಕೈ ಅಲ್ಲಾಡಲಿಲ್ಲ. ಆಂಬುಲೆನ್ಸಿನವರು ಬಂದು, ಕುತ್ತಿಗೆಗೆ ಪಟ್ಟಿ ಹಾಕಿ, ‘ಸರ್, ಈಗ ಬಿಡಿ’ ಎಂದು ಎರಡು ಸಲ ಹೇಳಿದ ಮೇಲೂ ಬಿಡಲಿಲ್ಲ. ನಾನೇ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

ಆಸ್ಪತ್ರೆಯ ಕಾರಿಡಾರಿನಲ್ಲಿ, ಬಸವನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದ ಮೇಲೆ, ಆ ಇಬ್ಬರು ಆಟಗಾರರು ಅಳುತ್ತ ಬಂದು ಕಂಕುಳು ಹಿಡಿದ ಕತೆ ಹೇಳಿದರು. ಡಾಕ್ಟರು ಅವರನ್ನು ಬಯ್ಯಲಿಲ್ಲ. ಮೈಯೆಲ್ಲ ಕೆಸರು, ಬರಿಗಾಲು. ಆಶೀರ್ವಾದಕ್ಕೆ ಬಿಚ್ಚಿದ ಶೂ ಮೈದಾನದಲ್ಲೇ ಉಳಿದಿತ್ತು.

‘ಪರೀಕ್ಷಾ ಮಾಡೂದು ಬಿಟ್ಟು ಆಶೀರ್ವಾದ ಮಾಡಾಕ ನಿಂತೆ’ ಎಂದು ನನಗೆ ಹೇಳಿದರು. ಅಂಗೈಯ ಕೆಸರನ್ನು ಪ್ಯಾಂಟಿಗೆ ಒರೆಸಿಕೊಂಡು, ‘ರುಚಿ ಹತ್ತಿತ್ತವಾ ನಂಗ’ ಎಂದರು. ಬಸವನ ಹೆಂಡತಿ ಗ್ಯಾಸ್ಟೋನಿಯಾದಿಂದ ಬಂದಾಗ ಎದ್ದು ಹೋಗಿ ಅದೇ ಮಾತನ್ನು ಅವಳಿಗೂ ಹೇಳಿದರು. ಅವಳು ಅವರ ಪಾದಗಳನ್ನು ನೋಡಿ, ಎಲ್ಲಿಂದಲೋ ಒಂದು ಜೊತೆ ಆಸ್ಪತ್ರೆಯ ಕಾಲುಚೀಲ ತಂದುಕೊಟ್ಟಳು.

ಆಮೇಲೆ ಅವರು ಯಾರಿಗೂ ಕಾಲು ಮುಟ್ಟಲು ಬಿಡಲಿಲ್ಲ. ಆ ದಸರಾದಲ್ಲಿ ಲ್ಯಾನ್‌ಹ್ಯಾಮ್‌ನಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಅವರ ಮುಂದೆ ಬಾಗಿತು. ಅವರು ಹಾವು ಕಂಡವರ ಹಾಗೆ ಹಿಂದೆ ಸರಿದದ್ದನ್ನು ನಾನು ನೋಡಿದೆ. ಕ್ಲಬ್ಬು ಆ ವರ್ಷ ಉಳಿದ ಆಟ ಆಡಲಿಲ್ಲ. ಮರುವರ್ಷ ಲೀಗೇ ನಿಂತಿತು.

ಬಸವನ ಕುತ್ತಿಗೆಗೆ ಲೋಹದ ಪ್ಲೇಟ್ ಹಾಕಿದರು. ಬದುಕುತ್ತಾನೆ ಎಂದರು, ನಡೆಯುತ್ತಾನೆಯೇ ಎಂದರೆ ಕಾದು ನೋಡಬೇಕು ಎಂದರು. ಆ ಕಾಯುವ ತಿಂಗಳುಗಳಲ್ಲಿ ಡಾಕ್ಟರು ದಿನಾ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಮುಂಚೆ ಫೋನ್ ಮಾಡುತ್ತಿದ್ದರು.

‘ನಿದ್ದಿ ಬಂತೇನವಾ?’

‘ಇಲ್ಲ ಸರ್. ಎರಡು ಸಲ ಎಚ್ಚರ ಆಯ್ತು. ನಿಮಗೆ?’

‘ಕಣ್ಣು ಮುಚ್ಚಿದ್ರ ಕೈಯಾಗ ಅವನ ತಲಿ ಐತಿ ಅನಸ್ತೈತಿ. ಬಿಟ್ಟಗಿಟ್ಟೇನು ಅಂತ ಎದ್ದು ಕೂಡ್ತೀನಿ.’

ಅಷ್ಟೇ ಮಾತು. ನನ್ನ ಕನಸಿನಲ್ಲಿ ಎಣಿಕೆ ಎರಡಕ್ಕೆ ನಿಂತುಬಿಡುತ್ತಿತ್ತು. ಅದನ್ನು ಅವರಿಗಲ್ಲದೆ ಬೇರೆ ಯಾರಿಗೂ ಹೇಳಲು ನನಗೆ ಸಾಧ್ಯವಿರಲಿಲ್ಲ. ಈಗ ಬೆಳಿಗ್ಗೆ ಫೋನಿನ ಪಕ್ಕ ಕಾಫಿ ಇಟ್ಟುಕೊಂಡು ಕೂತಾಗ ನನಗೆ ಬೇಕೆನ್ನಿಸುವುದು ಆ ದನಿ.

ಚಳಿಗಾಲದಲ್ಲಿ ಬಸವನನ್ನು ನಮ್ಮ ಕ್ಲಿನಿಕ್ಕಿಗೇ ಕಳಿಸಿದರು. ಮೊದಲು ಕೂತ, ಆಮೇಲೆ ಕಂಬಿ ಹಿಡಿದು ನಿಂತ, ಫೆಬ್ರವರಿ ಹೊತ್ತಿಗೆ ಕೋಲು ಹಿಡಿದು ನಡೆದ. ಎಡಗೈ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಡಾಕ್ಟರು ನನ್ನಿಂದ ದಿನವೂ ವಿವರ ಕೇಳುತ್ತಿದ್ದರು, ತಾವು ಮಾತ್ರ ಬರುತ್ತಿರಲಿಲ್ಲ. ಒಂದು ದಿನ ಬಸವ ನನಗೆ, ‘ಅವರನ್ನ ಬರೋಕೆ ಹೇಳಿ. ನನಗೆ ಮಾತಾಡೋದಿದೆ’ ಎಂದ. ಮುಖ ಗಂಟಿಕ್ಕಿಕೊಂಡಿದ್ದ.

ಡಾಕ್ಟರು ಬಂದರು. ಟೈ ಕಟ್ಟಿಕೊಂಡಿದ್ದರು. ಬಾಗಿಲಲ್ಲೇ ನಿಂತು, ‘ನಿನಗ ಸಿಟ್ಟು ಐತಿ. ಇರಬೇಕು. ನಾ ಸರಿಯಾಗಿ ನೋಡಿದ್ರ...’ ಎಂದು ಶುರುಮಾಡಿದರು.

‘ಅದಕ್ಕಲ್ಲ ಡಾಕ್’ ಎಂದ ಬಸವ. ‘ಅದನ್ನ ನಾನೇ ಮುಚ್ಚಿಟ್ಟೆ. ನೀವು ಆಡ್ತಾನೆ ಅಂದಿದ್ರಿ. ನಾನು ಆಡದೇ ಇದ್ರೆ ನೀವು ಸುಳ್ಳುಗಾರ ಆಗ್ತಿದ್ರಿ. ಗೌಡ್ರ ಮುಂದೆ ನಿಮ್ಮ ತಲೆ ತಗ್ಗೋದು ನನಗೆ ಬೇಕಿರ್ಲಿಲ್ಲ.’

‘ನನ್ನ ಮಾತು ಉಳಸಾಕ ನಿನ್ನ ಕುತ್ತಿಗಿ ಯಾಕ ಕೊಟ್ಟಿ?’

‘ಕೊಟ್ಟಿದ್ದು ನೀವು. ನನ್ನ ಶನಿವಾರಾನ ನೀವು ಕೊಟ್ಟುಬಿಟ್ರಿ. ನಾನು ಅಲ್ಲೇ ಮೇಜಿನ ಹತ್ರ ಕೂತಿದ್ದೆ. ಒಂದು ಸಲ ನನ್ನ ಕಡೆ ತಿರುಗಿ, ಆಡ್ತೀಯೇನೋ ಅಂತ ಕೇಳಲಿಲ್ಲ.’

ಡಾಕ್ಟರು ಗೋಡೆಗೆ ಒರಗಿದರು. ನಾನು ಟವೆಲ್ ಮಡಿಸುವುದನ್ನು ನಿಲ್ಲಿಸಿದ್ದೆ.

‘ಮತ್ತೆ ಕರೆ ಬಂದ್ರೆ ಇಂಗ್ಲೆಂಡಿಗೆ ಇನ್ನೊಂದು ಸಲ ಹೋಗ್ತಿದ್ದೆ’ ಎಂದ ಬಸವ. ‘ಅದು ನನಗೆ ಬೇಕಾಗಿತ್ತು. ಆ ಶನಿವಾರ ಮಾತ್ರ ಆಡೋಕೆ ಬರ್ತಿರ್ಲಿಲ್ಲ. ಇದನ್ನ ನಿಮಗೆ ಹೇಳ್ಬೇಕಿತ್ತು.’

ಡಾಕ್ಟರು ಗೋಡೆ ಬಿಟ್ಟು ಬಂದು ಅವನ ಪಕ್ಕ ಕೂತರು. ‘ಹೌದು. ಕೇಳಬೇಕಿತ್ತು’ ಎಂದರು. ಅಷ್ಟೇ. ಬಸವ ತಲೆಯಾಡಿಸಿದ, ಆ ಕುತ್ತಿಗೆಯಲ್ಲಿ ಆಗುವಷ್ಟು. ನನ್ನ ಮುಂದಿನ ಪೇಷೆಂಟು ಬರುವವರೆಗೂ ಇಬ್ಬರೂ ಪಕ್ಕಪಕ್ಕ ಕೂತು ಗಿರಣಿಯ ಬಗ್ಗೆ, ಅವನ ಹೆಂಡತಿಯ ಬಸುರಿನ ಬಗ್ಗೆ ಮಾತಾಡಿದರು. ಹೋಗುವಾಗ ಡಾಕ್ಟರು ಅವನ ತಲೆಯ ಕಡೆ ಕೈ ಚಾಚಿ, ನಡುವೆಯೇ ನಿಲ್ಲಿಸಿ, ‘ಮುಟ್ಟಲೇನು?’ ಎಂದು ಕೇಳಿದರು. ಬಸವ ನಕ್ಕು, ‘ಮೆಲ್ಲಗೆ’ ಎಂದ.

ಮರುದಿನ ನನಗೆ ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿತ್ತು. ಕೆಲಸಕ್ಕೆ ತಡವಾಗಿತ್ತು. ಫೋನು ಬಂದಿರಲಿಲ್ಲ. ಗಾಬರಿಯಾಗಿ ನಾನೇ ಅವರ ಮನೆಗೆ ಮಾಡಿದೆ. ಆಂಟಿ ಎತ್ತಿಕೊಂಡರು, ದನಿ ತಗ್ಗಿಸಿ ಮಾತಾಡಿದರು.

‘ಮೆಲ್ಲಕ ಮಾತಾಡವಾ. ನಿನ್ನೆ ಒಂಬತ್ತಕ್ಕ ಮಲಗಿದವ್ರು ಇನ್ನೂ ಎದ್ದಿಲ್ಲ. ಗೊರಕಿ ಹೊಡ್ಯಾಕ ಹತ್ಯಾರ. ಕೇಳಸ್ತದೇನು ನೋಡು’ ಎಂದು ಫೋನನ್ನು ಕೋಣೆಯ ಕಡೆ ಹಿಡಿದರು.